ಚಿಕ್ಕ ಮಕ್ಕಳ ಜೊತೆ ನೇತ್ರಾಣಿಗೆ ಹೊರಡುವ ಮೊದಲು ಇದನ್ನು ಓದಿ

ಹವಳ ನೋಡೋಣ ಅಂತ ಮಕ್ಕಳನ್ನೂ ವಯಸ್ಸಾದವರನ್ನೂ ಕಟ್ಟಿಕೊಂಡು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಯೋಚನೆ ಇದ್ದರೆ, ದುಡ್ಡು ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ. ಕಳೆದ ಜನವರಿಯಲ್ಲಿ ನಾವು ಐದು ಜನ ಹೋಗಿದ್ದೆವು. ನಾನು, ನಮ್ಮ ಯಜಮಾನರು, 11 ವರ್ಷದ ಮಗ, 6 ವರ್ಷದ ಮಗಳು, ಜೊತೆಗೆ ನಮ್ಮತ್ತೆ.

ಫೋನಿನಲ್ಲಿ ಬುಕ್ ಮಾಡುವಾಗ ಎರಡೆರಡು ಸಲ ಕೇಳಿದ್ದೆ. "ಚಿಕ್ಕ ಮಗು ಇದೆ, ಅತ್ತೆಗೆ ಅರವತ್ತೆಂಟು, ಪರವಾಗಿಲ್ವಾ?" ಅಂತ. "ಆರಾಮಾಗಿ ಬನ್ನಿ ಅಕ್ಕ, ಫ್ಯಾಮಿಲಿಯವರೇ ಜಾಸ್ತಿ ಬರೋದು. ನೀರಿಗೆ ಇಳಿಯದೇ ಇದ್ರೂ ಬೋಟಲ್ಲಿ ಕೂತ್ಕೊಂಡೇ ಹವಳ ನೋಡಬಹುದು" ಅಂದರು. ಕೊನೆಯ ಆ ಮಾತು ಪೂರ್ತಿ ಸುಳ್ಳು. ಬೋಟಿನಿಂದ ಬಗ್ಗಿ ನೋಡಿದರೆ ಕಂಡದ್ದು ಕಡುನೀಲಿ ನೀರು, ಅಷ್ಟೇ.

ನೇತ್ರಾಣಿ ದಡದ ಹತ್ತಿರ ಇಲ್ಲ. ಸುಮಾರು 19 ಕಿಲೋಮೀಟರ್ ಒಳಗೆ, ನಡುಗಡಲಲ್ಲಿದೆ. ಹೋಗುವುದಕ್ಕೇ ಒಂದರಿಂದ ಒಂದೂವರೆ ಗಂಟೆ ಬೇಕು. ದ್ವೀಪ ಅಂದ ಕೂಡಲೇ ನಮ್ಮ ಕಣ್ಮುಂದೆ ಮರಳು, ತೆಂಗಿನ ಮರ ಬರುತ್ತದೆ ಅಲ್ವಾ? ಅಲ್ಲಿ ಅದ್ಯಾವುದೂ ಇಲ್ಲ. ನೀರಿನಿಂದ ನೆಟ್ಟಗೆ ಎದ್ದು ನಿಂತ ಕಡಿದಾದ ಬಂಡೆ. ನೌಕಾಪಡೆಯವರು ಗುಂಡಿನ ಅಭ್ಯಾಸಕ್ಕೆ ಬಳಸುತ್ತಿದ್ದ ಜಾಗ ಅದು. ಪ್ರವಾಸಿಗರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ. ಅಂದರೆ ಹೊರಟಲ್ಲಿಂದ ವಾಪಸ್ ಬರುವವರೆಗೂ ಬೋಟೇ ಗತಿ. ನಮ್ಮ ಬೋಟಿನಲ್ಲಿ ಶೌಚಾಲಯ ಇರಲಿಲ್ಲ. ನೆರಳಿಗೆ ಒಂದು ತುಂಡು ಟಾರ್ಪಾಲು ಇತ್ತು. ಅತ್ತೆ ಐದು ಗಂಟೆ ಹೊತ್ತು ಒಂದು ಗುಟುಕು ನೀರು ಕುಡಿಯಲಿಲ್ಲ. ಯಾಕೆ ಅಂತ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೋಗುವಾಗ ಕಡಲು ಶಾಂತವಾಗಿತ್ತು. ತೊಂದರೆ ಶುರುವಾದದ್ದು ಲಂಗರು ಹಾಕಿದ ಮೇಲೆ. ಓಡುವ ಬೋಟಿಗಿಂತ ನಿಂತ ಬೋಟೇ ಜಾಸ್ತಿ ಹೊಯ್ದಾಡುತ್ತದೆ, ಅದರ ಜೊತೆ ಡೀಸೆಲ್ ವಾಸನೆ. ಹತ್ತೇ ನಿಮಿಷದಲ್ಲಿ ಮಗಳು ಬೆಳಿಗ್ಗೆ ತಿಂದ ಇಡ್ಲಿಯನ್ನೆಲ್ಲ ನನ್ನ ಮಡಿಲಿಗೆ ಕಕ್ಕಿದಳು. ಆಮೇಲೆ ಅತ್ತೆಗೂ ಶುರುವಾಯಿತು. ವಾಂತಿ ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಬೇಕಂತೆ. ಅದನ್ನು ನಮಗೆ ಹೇಳಿದ್ದು ನಡುನೀರಿನಲ್ಲಿ.

ಮಗಳನ್ನು ಒರೆಸುವಾಗಲೇ ನಾನು ಅವಳ ಲೈಫ್ ಜಾಕೆಟನ್ನು ಸರಿಯಾಗಿ ನೋಡಿದ್ದು. ಅದು ದೊಡ್ಡವರದು. ಕೂತರೆ ಅದರ ಭುಜ ಅವಳ ಕಿವಿಯವರೆಗೆ ಬರುತ್ತಿತ್ತು. ಕಾಲಿನ ಸಂದಿಯಿಂದ ಎಳೆದು ಕಟ್ಟುವ ಪಟ್ಟಿ ಇರಲಿಲ್ಲ. ಭುಜದ ಹತ್ತಿರ ಹಿಡಿದು ಮೆಲ್ಲಗೆ ಮೇಲಕ್ಕೆ ಎತ್ತಿದೆ. ಜಾಕೆಟ್ ಬಂತು, ಮಗಳು ಬರಲಿಲ್ಲ. ಅವಳ ಮುಖ ಮೂಗಿನವರೆಗೂ ಅದರೊಳಗೆ ಇಳಿದುಹೋಯಿತು. ನೀರಿಗೆ ಬಿದ್ದರೂ ಆಗುವುದು ಇದೇ. ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. "ಮಕ್ಕಳದು ಇಲ್ವಾ ತಮ್ಮಾ?" ಅಂದೆ. "ಗಟ್ಟಿ ಕಟ್ಟಿದ್ರೆ ಸಾಕು ಅಕ್ಕ" ಅಂದ ಬೋಟಿನ ಹುಡುಗ. ಇದೇ ಮುರುಡೇಶ್ವರದ ಕಡಲತೀರದಲ್ಲಿ 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾಗಿದ್ದರು. ಅದು ನೆನಪಾಗಿ ಕೈಕಾಲು ತಣ್ಣಗಾಯಿತು. ದಡ ಮುಟ್ಟುವವರೆಗೆ ಅವಳ ಸೊಂಟ ಬಿಡಲಿಲ್ಲ ನಾನು.

ಇನ್ನು ಮಗನ ವಿಷಯ. ಸಮುದ್ರದಲ್ಲಿ ಸ್ಕೂಬಾ ಮಾಡಲು, ಅಂದರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯಲು, ಕನಿಷ್ಠ 10 ವರ್ಷ ಅಂತ ಸ್ಕೂಬಾ ತರಬೇತಿಯ ಪ್ಯಾಡಿ ಸಂಸ್ಥೆಯ ನಿಯಮ ಇದೆ. ಹಾಗಾಗಿ ಅವನ ವಯಸ್ಸು ಅಡ್ಡಿಯಿರಲಿಲ್ಲ. ಆದರೆ ಅವನಿಗೆ ಎರಡು ದಿನದಿಂದ ನೆಗಡಿ ಇತ್ತು. ಆರೋಗ್ಯದ ಫಾರಂ ಕೊಟ್ಟರು, "ಇಲ್ಲಿ ಸೈನ್ ಹಾಕಿ" ಅಂದರು, ಓದಲು ಬಿಡಲಿಲ್ಲ. ನೆಗಡಿಯಾದಾಗ ಮೂಗಿನಿಂದ ಕಿವಿಗೆ ಹೋಗುವ ನಾಳ ಕಟ್ಟಿರುತ್ತದೆ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ. ಮೂಗು ಹಿಡಿದು ಮೆತ್ತಗೆ ಊದಿ, ಇಳಿಯುತ್ತಾ ಇಳಿಯುತ್ತಾ ಕಿವಿ ಬಿಡಿಸಿಕೊಳ್ಳಬೇಕು. ನಾಳ ಕಟ್ಟಿದ್ದರೆ ಅದು ಆಗುವುದೇ ಇಲ್ಲ. ಕಿವಿ ನೋವು ಅಂತ ತೋರಿಸಲು ಅಂಗೈಯನ್ನು ಆಚೀಚೆ ಅಲ್ಲಾಡಿಸಿ ಕಿವಿ ತೋರಿಸಬೇಕಂತೆ. ಅದನ್ನೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಮೇಲೆ ಬಂದಾಗ ಮಾಸ್ಕಿನೊಳಗೆ ಸಿಂಬಳದ ಜೊತೆ ರಕ್ತ ಇತ್ತು. ಊರಿಗೆ ಬಂದು ಕಿವಿ ಡಾಕ್ಟರಿಗೆ ತೋರಿಸಿದರೆ, ಕಿವಿ ತಮಟೆ ಕೆಂಪಗೆ ಊದಿಕೊಂಡಿದೆ, ವಾಸಿಯಾಗುವವರೆಗೆ ಈಜುವುದೂ ಬೇಡ ಅಂದರು.

ಆಮೇಲೆ ಬೋಟಿನವರು ವಿಡಿಯೋ ಕಳಿಸಿದರು. ಅದನ್ನು ನೋಡಿ ಇನ್ನೂ ಬೇಜಾರಾಯಿತು. ಫೋಟೋ ಚೆನ್ನಾಗಿ ಬರಲಿ ಅಂತ ಮಗನನ್ನು ಹವಳದ ಮೇಲೇ ಮಂಡಿಯೂರಿಸಿ ಕೂರಿಸಿದ್ದಾರೆ. ಹವಳ ಕಲ್ಲಲ್ಲ, ಜೀವ. ಗುಂಡಗೆ ಬಂಡೆಯ ಹಾಗೆ ಬೆಳೆಯುವ ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆದರೆ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ಹುಲಿಯಷ್ಟೇ ರಕ್ಷಣೆ ಇದೆ. ಅದನ್ನು ನೋಡಲು ದುಡ್ಡು ಕೊಟ್ಟು ಹೋದವರ ಮಂಡಿಯಿಂದಲೇ ಅದು ಮುರಿಯಬೇಕಾ?

ನಮ್ಮ ಯಜಮಾನರು ಚೆನ್ನಾಗಿಯೇ ನೋಡಿ ಬಂದರು, ನೇತ್ರಾಣಿ ನಿಜಕ್ಕೂ ಚೆಂದ ಅಂತಾರೆ. ಈಜು ಬರುವ, ಆರೋಗ್ಯವಾಗಿರುವ ದೊಡ್ಡವರು ಖಂಡಿತ ಹೋಗಿ. ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ, ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬೆಳಗಿನ ಮೊದಲ ಬೋಟೇ ಹಿಡಿಯಿರಿ. ಬೋಟಿನಲ್ಲಿ ತುರ್ತಿಗೆ ಆಕ್ಸಿಜನ್ ಸಿಲಿಂಡರ್ ಇದೆಯಾ, ಒಬ್ಬ ತರಬೇತುದಾರ ಎಷ್ಟು ಜನರನ್ನು ಇಳಿಸುತ್ತಾನೆ, ಕಡಲು ಕೆಟ್ಟರೆ ದುಡ್ಡು ವಾಪಸ್ ಬರುತ್ತದಾ, ಇಷ್ಟನ್ನೂ ಬಾಯಿಬಿಟ್ಟು ಕೇಳಿ. ಡೈವ್ ಮಾಡಿದ ದಿನವೇ ಘಟ್ಟ ಹತ್ತಿ ಬೆಂಗಳೂರಿಗೆ ಹೊರಡಬೇಡಿ. ಒಂದೇ ಡೈವ್ ಆದರೂ ಎತ್ತರಕ್ಕೆ ಹೋಗುವ ಮೊದಲು ಕನಿಷ್ಠ 12 ಗಂಟೆ ಬಿಡಬೇಕು. ಅವತ್ತು ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ.

ಪುಟ್ಟ ಮಕ್ಕಳಿಗೆ ಹವಳ ತೋರಿಸಲೇಬೇಕು ಅಂದರೆ ಅಂಡಮಾನಿನ ಜಾಲಿ ಬಾಯ್ ದ್ವೀಪ ಇದೆ. ವಂಡೂರಿನಿಂದ ಬೋಟ್. ಅಲ್ಲಿ ಮರಳ ದಡ ಇದೆ, ಗಾಜಿನ ತಳದ ದೋಣಿಯಲ್ಲಿ ಕೂತೇ ನೋಡಬಹುದು. ಖರ್ಚು ಜಾಸ್ತಿ, ಒಂದು ದಿನದ ಪ್ರವಾಸ ಆಗುವುದಿಲ್ಲ, ನಿಜ. ಕಾದು ದುಡ್ಡು ಕೂಡಿಸಿ ಹೋಗುವುದೇ ಮೇಲು.

ನೇತ್ರಾಣಿಯಿಂದ ವಾಪಸ್ ಬಂದ ಮೇಲೆ, ಅಲ್ಲಿಗೆ ಕರೆದೊಯ್ಯುವ ಬೇರೆ ಮೂರು ಕಡೆ ಫೋನ್ ಮಾಡಿ, "ಮಕ್ಕಳ ಲೈಫ್ ಜಾಕೆಟ್‌ದು ಒಂದು ಫೋಟೋ ವಾಟ್ಸಾಪ್ ಮಾಡಿ" ಅಂದೆ. ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಮೂರನೆಯವರು ಫೋಟೋ ಕಳಿಸಿದರು, ಆಮೇಲೆ ಅವರೇ ಫೋನ್ ಮಾಡಿದರು. "ಆರು ವರ್ಷದ ಮಗುನ ಕರ್ಕೊಂಡು ಬರಬೇಡಿ ಅಮ್ಮ, ನಾವು ಹತ್ತಿಸಲ್ಲ" ಅಂದರು. ಅವರ ನಂಬರ್ ಇಟ್ಟುಕೊಂಡಿದ್ದೇನೆ. ಮಗನ ಕಿವಿ ಪೂರ್ತಿ ವಾಸಿಯಾಗಿ ಡಾಕ್ಟರ್ ಒಪ್ಪಿದರೆ, ಮುಂದಿನ ಚಳಿಗಾಲಕ್ಕೆ ಅಪ್ಪ ಮಗ ಇಬ್ಬರನ್ನೇ ಅವರ ಜೊತೆ ಕಳಿಸುತ್ತೇನೆ.