ಬಂಡೆಗುಡ್ಡದ ಬುಡದಲ್ಲಿ ಏರ್ ರೈಫಲ್ ಸ್ಪರ್ಧೆಯೇ? ದುಡ್ಡು ಕಟ್ಟುವ ಮುಂಚೆ ಟಾರ್ಗೆಟ್ ನೋಡಿ

ಚಿತ್ರದುರ್ಗದ ಹೊರವಲಯದಲ್ಲಿ ಈಚೆಗೆ ನಡೆದ ಖಾಸಗಿ ಫೀಲ್ಡ್ ಟಾರ್ಗೆಟ್ (ಬಯಲಲ್ಲಿ ಬೇರೆ ಬೇರೆ ದೂರಕ್ಕೆ ನಿಲ್ಲಿಸಿದ ಗುರಿಗಳನ್ನು ಏರ್ ರೈಫಲ್ಲಿನಿಂದ ಹೊಡೆದು ಬೀಳಿಸುವ ಆಟ) ಸ್ಪರ್ಧೆಯೊಂದರಲ್ಲಿ ಶುಲ್ಕ ಕಟ್ಟಿದವರಿಗೆ ದಕ್ಕಿದ್ದು ಬರೀ ತಗಾದೆ. ಆಯೋಜಕರ ಹೆಸರು ಬೇಡ. ದಾವಣಗೆರೆಯಲ್ಲೋ ಹೊಳಲ್ಕೆರೆಯಲ್ಲೋ ನಾಳೆ ಬೇರೆಯವರೂ ಹೀಗೇ ಮಾಡಬಹುದು.

ಎಲ್ಲಕ್ಕಿಂತ ಕೆಟ್ಟದ್ದು ಟಾರ್ಗೆಟ್. ಈ ಆಟದಲ್ಲಿ ಉಕ್ಕಿನ ಪ್ಲೇಟಿನಲ್ಲಿ 15ರಿಂದ 40 ಮಿ.ಮೀ. ಅಗಲದ ತೂತು, ಅದರ ಹಿಂದೆ ಪ್ಯಾಡಲ್ ಎಂಬ ಪುಟ್ಟ ಹಲಗೆ ಇರುತ್ತದೆ. ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ತೂತಿನೊಳಗೆ ಹೋಗಿ ಪ್ಯಾಡಲ್‌ಗೆ ಬಡಿದರೆ ಮಾತ್ರ ಟಾರ್ಗೆಟ್ ಬೀಳಬೇಕು; ಪ್ಲೇಟಿಗೆ ಬಡಿದರೆ ಅಲುಗದೆ ನಿಲ್ಲಬೇಕು. ಅಲ್ಲಿದ್ದವು ವೆಲ್ಡಿಂಗ್ ಶಾಪಿನಲ್ಲಿ ತೆಳು ತಗಡಿನಿಂದ ಮಾಡಿಸಿದವು. ತಗಡು ಅದುರಿದರೆ ಟಾರ್ಗೆಟ್ ಹಿಡಿದು ನಿಲ್ಲಿಸುವ ಕೊಕ್ಕೆ ತಾನೇ ಕಳಚಿಕೊಳ್ಳುತ್ತಿತ್ತು, ತೂತಿನ ಪಕ್ಕಕ್ಕೆ ಹೊಡೆದವರಿಗೂ ಅಂಕ. ದೂರದವುಗಳಲ್ಲಿ ಇದರ ತಿರುವುಮುರುವು: ಕೀಲು ತುಕ್ಕು ಹಿಡಿದಿತ್ತು, ಅಷ್ಟು ದೂರ ಹೋಗುವಷ್ಟರಲ್ಲಿ ಪೆಲೆಟ್ಟಿನ ಕಸುವೂ ಇಳಿದಿರುತ್ತದೆ, ಸರಿಯಾಗಿ ಹೊಡೆದರೂ ಬೀಳಲಿಲ್ಲ. ಯಾರಾದರೂ ಕೇಳುವಷ್ಟರಲ್ಲಿ ಹುಡುಗನೊಬ್ಬ ದಾರ ಎಳೆದು ಟಾರ್ಗೆಟ್ ಎಬ್ಬಿಸಿಬಿಡುತ್ತಿದ್ದ. ದಾರ ಎಳೆದ ಮೇಲೆ ಸಾಕ್ಷಿ ಎಲ್ಲಿಯದು?

ಅನುಮಾನ ಬಂದರೆ ದಾರ ಮುಟ್ಟಗೊಡಬೇಡಿ, ಸ್ಪರ್ಧೆಯ ಉಸ್ತುವಾರಿ ನೋಡುವ ಮಾರ್ಷಲ್‌ನನ್ನು ಕರೆಯಿರಿ. ಅವರು ಪ್ಲೇಟಿನ ನಾಲ್ಕು ಕಡೆ ಒಂದೊಂದು, ಪ್ಯಾಡಲ್‌ಗೆ ಒಂದು ಹೊಡೆದು ನೋಡಬೇಕು. ಟಾರ್ಗೆಟ್ ಕೆಟ್ಟಿದ್ದರೆ ನಿಮಗೆ ಮತ್ತೆ ಹೊಡೆಯಲು ಬಿಡಬೇಕು. ಪ್ಲೇಟಿಗೆ ಆಗಾಗ ಬಿಳಿ ಬಣ್ಣ ಬಳಿಯುವುದೂ ಇದಕ್ಕೇ, ಪೆಲೆಟ್ ತಾಗಿದ ಜಾಗ ಕಾಣುತ್ತದೆ. ಬಣ್ಣದ ಡಬ್ಬಿಯೇ ಇಲ್ಲದ ಮೈದಾನದಲ್ಲಿ ಅಂಕದ ಪಟ್ಟಿಯನ್ನು ನಂಬುವುದು ಹೇಗೆ?

ಇನ್ನು ಬಂಡೆ. ದುರ್ಗದವರಿಗೆ ಹಿಂದೆ ಬಂಡೆ ಇದ್ದರೆ ಗುಂಡು ಎಲ್ಲೂ ಹೋಗದು ಎಂಬ ಧೈರ್ಯ. ಆದರೆ ಓರೆಯಾದ ಕಲ್ಲಿಗೆ ತಾಗಿದ ಸೀಸದ ಪೆಲೆಟ್ ಪಕ್ಕದ ಲೇನಿನ ಕಡೆ ಜಾರಿ ಹಾರಬಹುದು. ಹಿಂದೆ ಮಣ್ಣಿನ ದಿಬ್ಬವೋ ಮರಳಿನ ಚೀಲವೋ ಇರಲೇಬೇಕು. ಗುರಿಯ ದೂರ 8 ಗಜಕ್ಕಿಂತ ಕಡಿಮೆ ಬೇಡ. ಉಕ್ಕಿಗೆ ಬಡಿದ ಪೆಲೆಟ್ಟಿನ ಚೂರು ಹಿಂದಕ್ಕೆ ಬರುತ್ತದೆ, ನೋಡುವವರಿಗೂ ಕನ್ನಡಕ ಬೇಕು.

ರೈಫಲ್ಲಿನ ಕಸುವು ಮಿತಿಯೊಳಗಿದೆಯೇ ಎಂದೂ ಅಲ್ಲಿ ಅಳೆಯಲಿಲ್ಲ. ಅಂತರರಾಷ್ಟ್ರೀಯ ನಿಯಮದ ಮಿತಿ 16.27 ಜೂಲ್. 0.547 ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ ಸುಮಾರು 244 ಮೀಟರ್ ಮುಟ್ಟಿದರೆ ಅಲ್ಲಿಗೆ ಮಿತಿ ಮುಗಿಯಿತು. ಪೆಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದಿದ್ದರೆ ಸ್ಪ್ರಿಂಗ್ ಬಿಗಿ ಮಾಡಿಸಿದ ರೈಫಲ್ಲಿನವರೇ ಗೆಲ್ಲುತ್ತಾರೆ.

ಗಾಳಿಯ ವಿಚಾರದಲ್ಲಿ ಯಾರನ್ನೂ ದೂರುವಂತಿಲ್ಲ, ಜೋಗಿಮಟ್ಟಿ ಕಡೆ ಗಾಳಿಯಂತ್ರ ನಿಲ್ಲಿಸಿದ ಊರು ಇದು. ಆದರೆ ಲೇನುಗಳನ್ನು ಗಾಳಿಗೆ ಅಡ್ಡಲಾಗಿ, 50 ಗಜದವನ್ನೆಲ್ಲ ಬಯಲಿಗೇ ಇಟ್ಟಿದ್ದರು. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಅಷ್ಟು ದೂರದಲ್ಲಿ ಪೆಲೆಟ್ಟನ್ನು ನಾಲ್ಕೈದು ಇಂಚು ತಳ್ಳುತ್ತದೆ. ತೂತು ಎರಡು ಇಂಚೂ ಇಲ್ಲ. ಗಾಳಿಯ ಕಣ್ಣಂದಾಜಿಗೆ ಟೇಪ್ ಕಟ್ಟಿದ ಕೋಲೂ ಇರಲಿಲ್ಲ. ಬಿಸಿಲಿಗೆ ಸ್ಕೋಪಿನ (ರೈಫಲ್ ಮೇಲಿನ ದುರ್ಬೀನಿನ) ಕೊಳವೆ ಕಾದರೆ, ಗುರಿಯ ದೂರ ತಿಳಿಯಲು ತಿರುಗಿಸುವ ಫೋಕಸ್ ಚಕ್ರದಲ್ಲಿ ದೂರದ ಗುರುತು ಸರಿಯುತ್ತದೆ. ಮನೆಯಲ್ಲಿ ನೆರಳಲ್ಲಿ ಹಾಕಿದ ಗುರುತು ಮಧ್ಯಾಹ್ನ ಸುಳ್ಳು ಹೇಳುತ್ತದೆ. ಸರದಿಗೆ ಕಾಯುವಾಗ ರೈಫಲ್ ಮೇಲೆ ಛತ್ರಿ ಹಿಡಿಯಿರಿ.

ಪಿಸಿಪಿ ರೈಫಲ್ (ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವಂಥದ್ದು) ಇರುವವರಿಗೆ ಇನ್ನೊಂದು ಮಾತು. ಅಲ್ಲಿ ಗಾಳಿ ತುಂಬಲು ತಂದಿಟ್ಟಿದ್ದು ವೆಲ್ಡಿಂಗ್‌ನ ಆಮ್ಲಜನಕದ ಸಿಲಿಂಡರ್. ಒತ್ತಡದ ಆಮ್ಲಜನಕಕ್ಕೆ ರೈಫಲ್ಲಿನೊಳಗಿನ ಗ್ರೀಸ್ ತಾಗಿದರೆ ಹೊತ್ತಿಕೊಂಡು ಸಿಡಿಯುತ್ತದೆ, ಕೈ ಹೋಗುತ್ತದೆ, ಜೀವವೂ ಹೋಗಬಹುದು. ಅಂಥ ಸಿಲಿಂಡರ್ ಕಂಡರೆ ಶುಲ್ಕದ ಆಸೆ ಬಿಟ್ಟು ಅಲ್ಲಿಂದ ಹೊರಡಿ. ತುಂಬಬೇಕಾದದ್ದು ತೇವವಿಲ್ಲದ ಗಾಳಿ ಮಾತ್ರ, ಸ್ಕೂಬಾ ಸಿಲಿಂಡರ್‌ನಿಂದ ಅಥವಾ ಕೈಪಂಪಿನಿಂದ.