ನಡು ಸಮುದ್ರದಲ್ಲಿ ಫುಲ್ ಟವರ್ ಬಂದರೆ ಖುಷಿಪಡಬೇಡಿ

ಕ್ರೂಸ್ ಹಡಗಿನಲ್ಲಿ ಹೋಗುವವರಿದ್ದೀರಾ? ಬೇರೆ ಏನು ಮರೆತರೂ ಪರವಾಗಿಲ್ಲ. ಹಡಗು ದಡ ಬಿಡುವ ಮೊದಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನಿಮ್ಮದೊಂದೇ ಅಲ್ಲ, ಜೊತೆಯಲ್ಲಿರುವ ಎಲ್ಲರದ್ದೂ. ರೋಮಿಂಗ್ ಪ್ಯಾಕ್ ಹಾಕಿಸಿದ್ದರೂ ಹಾಕಿ. ಹಾಕಿಸಿದ್ದರಂತೂ ಖಂಡಿತ ಹಾಕಿ. ಆ ಪ್ಯಾಕ್ ನಂಬಿಯೇ ನಾನು ಕೆಟ್ಟೆ.

ಅಪ್ಪ ಅಮ್ಮನನ್ನು ಒಂದು ಸಲ ಹಡಗಿನಲ್ಲಿ ಕರೆದುಕೊಂಡು ಹೋಗಬೇಕು ಅಂತ ಎರಡು ವರ್ಷ ದುಡ್ಡು ಕೂಡಿಟ್ಟಿದ್ದೆ. ಏಳು ರಾತ್ರಿಯ ಪ್ರವಾಸ. ದಾರಿಯಲ್ಲಿ ಮೂರು ಬಂದರು, ಎರಡು ದೇಶ. ಹೊರಡುವ ಒಂದು ವಾರ ಮೊದಲು ನಮ್ಮ ಮೊಬೈಲ್ ಕಂಪನಿಗೆ ಫೋನ್ ಮಾಡಿದೆ. "ಹಡಗಿನಲ್ಲಿ ಹೋಗ್ತಿದ್ದೀವಿ, ಈ ಎರಡು ದೇಶ, ಅಪ್ಪನ ಫೋನಿಗೆ ಯಾವ ಪ್ಯಾಕ್ ಬೇಕು?" ಅಂತ ಕೇಳಿದೆ. ಹಡಗು ಅಂತ ಹೇಳಿದ್ದೆ. ಬಾಯಿ ಬಿಟ್ಟು ಹೇಳಿದ್ದೆ. ಆ ಕಡೆಯ ಹುಡುಗ, "ಈ ಪ್ಯಾಕ್ ತಗೊಳ್ಳಿ ಮೇಡಂ, ಎರಡೂ ದೇಶ ಕವರ್ ಆಗುತ್ತೆ, ಏನೂ ಯೋಚನೆ ಬೇಡ" ಅಂದ. ತಗೊಂಡೆ. ಅಪ್ಪನಿಗೂ ಅದೇ ಮಾತು ಹೇಳಿದೆ. "ಅಪ್ಪ, ಪ್ಯಾಕ್ ಹಾಕಿಸಿದ್ದೀನಿ, ನೀವು ಆರಾಮಾಗಿ ಮಾತಾಡಿ."

ಅಷ್ಟೇ ಅಲ್ಲ. ಫೋಟೋಗಳು ತಾವಾಗೇ ಕ್ಲೌಡ್‌ಗೆ ಹೋಗಲಿ ಅಂತ ಮೊಬೈಲ್ ಡೇಟಾದಲ್ಲೂ ಬ್ಯಾಕಪ್ ಆಗುವ ಹಾಗೆ ಸೆಟ್ಟಿಂಗ್ ಮಾಡಿಕೊಟ್ಟವಳೂ ನಾನೇ. ದಿನಕ್ಕೆ ಅಷ್ಟು ಡೇಟಾ ಇದೆ, ಸುಮ್ನೆ ಯಾಕೆ ವೇಸ್ಟ್ ಮಾಡೋದು ಅಂತ.

ಮೊದಲ ಸಂಜೆ ಡೆಕ್ ಮೇಲೆ ನಿಂತಿದ್ದೆವು. ಸುತ್ತ ನೀರು ಬಿಟ್ಟರೆ ಬೇರೇನೂ ಇಲ್ಲ. ಅಪ್ಪ ಫೋನ್ ಎತ್ತಿ ತೋರಿಸಿದರು. "ನೋಡು ಪುಟ್ಟಿ, ನಡು ಸಮುದ್ರದಲ್ಲೂ ಫುಲ್ ಟವರ್!" ನಾನೂ ಖುಷಿಪಟ್ಟೆ. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ದಡವೇ ಕಾಣದ ಜಾಗದಲ್ಲಿ ಟವರ್ ಎಲ್ಲಿಂದ ಬರಬೇಕು? ಬರಲಿಲ್ಲ. ಅನುಮಾನವೇ ಬರಲಿಲ್ಲ. ಅಪ್ಪ ಅಲ್ಲಿಂದಲೇ ಅತ್ತೆಗೆ ವಿಡಿಯೋ ಕಾಲ್ ಮಾಡಿ ಸೂರ್ಯ ಮುಳುಗುವುದನ್ನು ಪೂರ್ತಿ ತೋರಿಸಿದರು. ಮಾರನೇ ದಿನ ಊಟದ ಹಾಲ್, ಈಜುಕೊಳ, ನಮ್ಮ ಕ್ಯಾಬಿನ್. ನೂರಾರು ಫೋಟೋ. ಎಲ್ಲವೂ ಒಂದೊಂದಾಗಿ ಕ್ಲೌಡ್‌ಗೆ ಹೋಗುತ್ತಲೇ ಇತ್ತು.

ಮೂರನೇ ದಿನ ಬೆಳಗ್ಗೆ ತಿಂಡಿ ತಿನ್ನುವಾಗ ಅಪ್ಪ, "ನೆಟ್ ನಿಂತು ಹೋಗಿದೆ ಕಣಮ್ಮ, ಸ್ವಲ್ಪ ನೋಡು" ಅಂತ ಫೋನ್ ಕೊಟ್ಟರು. ಮೆಸೇಜ್ ತೆರೆದೆ. ಬಳಕೆಯ ಮಿತಿ ದಾಟಿದೆ, ಅದಕ್ಕೆ ಡೇಟಾ ನಿಲ್ಲಿಸಿದ್ದೇವೆ ಅಂತ ಇತ್ತು. ಪಕ್ಕದಲ್ಲಿ ಒಂದು ಮೊತ್ತ. ಚುಕ್ಕೆ ತಪ್ಪು ಜಾಗದಲ್ಲಿ ಬಿದ್ದಿರಬೇಕು ಅಂದುಕೊಂಡೆ. ಮತ್ತೆ ಓದಿದೆ. ಮತ್ತೆ ಓದಿದೆ. ಅಪ್ಪನ ಟಿಕೆಟ್ ದುಡ್ಡಿಗಿಂತ ಜಾಸ್ತಿ. ಎರಡೇ ದಿನಕ್ಕೆ!

ಮೇಲಕ್ಕೆ ಸರಿಸುತ್ತಾ ಹೋದರೆ ಮೊದಲ ಸಂಜೆಯದೊಂದು ಮೆಸೇಜ್. ಸಮುದ್ರದ ನೆಟ್‌ವರ್ಕ್‌ಗೆ ಸ್ವಾಗತ, ಒಂದು ಎಂಬಿಗೆ ಇಷ್ಟು, ನಿಮಿಷಕ್ಕೆ ಇಷ್ಟು ಅಂತ. ಬಂದಿತ್ತು, ಬಂದಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಅಪ್ಪನಿಗೆ ದಿನವೂ ಬರುವ ಹತ್ತಾರು ಜಾಹೀರಾತಿನ ಮೆಸೇಜ್‌ಗಳ ಮಧ್ಯೆ ಅದು ಹೇಗೆ ಗೊತ್ತಾಗಬೇಕು? ಆ ಮೆಸೇಜ್ ಓದಿದಾಗ ಕೈ ತಣ್ಣಗಾಯಿತು. ಎದುರಿಗೆ ಅಪ್ಪ ಕೂತಿದ್ದರು. "ಏನಾಯ್ತಮ್ಮ?" ಅಂದರು. ಹೇಳಲೇಬೇಕಾಯಿತು. ತಟ್ಟೆ ಪಕ್ಕಕ್ಕೆ ಸರಿಸಿ, "ನನ್ನಿಂದ ಆಯ್ತಲ್ಲಾ" ಅಂದರು. ನನಗೆ ಬಿಲ್ಲಿಗಿಂತ ಆ ಮಾತೇ ಜಾಸ್ತಿ ಚುಚ್ಚಿತು. ಮಾತಾಡಿ ಅಂದವಳು ನಾನು. ಅವರದ್ದೇನು ತಪ್ಪು?

ಆಮೇಲೆ ತಿಳಿದುಕೊಂಡಿದ್ದು ಇಷ್ಟು. ಆ ಟವರ್ ಯಾವ ದೇಶದ್ದೂ ಅಲ್ಲ. ಹಡಗಿನೊಳಗೇ ಸಣ್ಣ ಮೊಬೈಲ್ ಟವರ್ ಇರುತ್ತದೆ. ಬಂದರಿನಲ್ಲಿದ್ದಾಗ ಸಾಮಾನ್ಯವಾಗಿ ಅದು ಆಫ್. ದಡದಿಂದ ಸುಮಾರು 12 ನಾಟಿಕಲ್ ಮೈಲಿ, ಅಂದರೆ 22 ಕಿ.ಮೀ. ದಾಟಿದ ಮೇಲೆ ಆನ್ ಮಾಡುತ್ತಾರೆ. ಅಲ್ಲಿಂದ ಕರೆ, ಡೇಟಾ ಎಲ್ಲ ಉಪಗ್ರಹದ ಮೂಲಕ ಹೋಗುತ್ತದೆ. ಫೋನಿಗೆ ಇದು ಕೂಡ ಒಂದು ರೋಮಿಂಗ್ ನೆಟ್‌ವರ್ಕ್, ಅಷ್ಟೇ. ಕೇಳದೆ, ಹೇಳದೆ ಹಿಡಿದುಕೊಳ್ಳುತ್ತದೆ. ನೆಟ್‌ವರ್ಕ್ ಹೆಸರಿನ ಜಾಗದಲ್ಲಿ ಕೆಲವೊಮ್ಮೆ 901 ಅಂತ ಶುರುವಾಗುವ ನಂಬರ್ ಕಾಣುತ್ತದೆ. 901 ಯಾವ ದೇಶಕ್ಕೂ ಸೇರದ ಕೋಡ್. ಪ್ಯಾಕ್‌ಗಳು ದೇಶದ ಲೆಕ್ಕದಲ್ಲಿ ಇರುತ್ತವೆ, ಹಾಗಾಗಿ ಹಡಗಿನ ಟವರ್ ಹೆಚ್ಚಿನ ಪ್ಯಾಕ್‌ಗಳ ಹೊರಗೆ. ಬರುವ ಕರೆ ಎತ್ತಿದರೂ ಚಾರ್ಜ್.

ಹಡಗಿನ ಕೌಂಟರ್‌ಗೆ ಓಡಿದೆ. "ಟವರ್ ನಿಮ್ಮ ಹಡಗಿನದ್ದೇ ತಾನೆ?" ಅಂದೆ. "ಹೌದು, ಆದರೆ ಬಿಲ್ ಮಾಡುವುದು ನಿಮ್ಮ ಮೊಬೈಲ್ ಕಂಪನಿ. ಅವರನ್ನೇ ಕೇಳಿ." ನಗುತ್ತಾ ಹೇಳಿದರು. ಹಿಂದೆಯೇ, "ನಮ್ಮ ವೈ-ಫೈ ಪ್ಯಾಕೇಜ್ ತಗೊಂಡಿದ್ದರೆ ಹೀಗಾಗುತ್ತಿರಲಿಲ್ಲ" ಅಂದರು. ಇದೂ ಪೂರ್ತಿ ನಿಜವಲ್ಲ. ವೈ-ಫೈಗೆ ಸೇರಿಕೊಂಡಿದ್ದರೂ ಮೊಬೈಲ್ ನೆಟ್‌ವರ್ಕ್ ಆನ್ ಇದ್ದರೆ ಕರೆ ಅದೇ ಟವರ್ ಮೂಲಕ ಬರುತ್ತದೆ. ವೈ-ಫೈ ಕೈಕೊಟ್ಟಾಗ, ಡೇಟಾ ರೋಮಿಂಗ್ ಆನ್ ಇದ್ದರೆ, ಫೋನ್ ಆ ಟವರ್‌ಗೇ ಹಾರುತ್ತದೆ.

ಇನ್ನು ನಮ್ಮ ಮೊಬೈಲ್ ಕಂಪನಿ. ಬಂದರಿನಲ್ಲಿ ಇಳಿದ ತಕ್ಷಣ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ.

"ಮೇಡಂ, ನಿಮ್ಮ ಪ್ಯಾಕ್ ಈ ಎರಡು ದೇಶಗಳಿಗೆ ಮಾತ್ರ."

"ನಾವು ಹೋಗಿದ್ದೂ ಈ ಎರಡು ದೇಶಗಳಿಗೇ."

"ಬಳಕೆ ಆಗಿರುವುದು ಸಮುದ್ರದ ನೆಟ್‌ವರ್ಕ್‌ನಲ್ಲಿ. ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ."

"ಹಡಗಿನಲ್ಲಿ ಹೋಗ್ತಿದ್ದೀವಿ ಅಂತ ಹೇಳಿಯೇ ಪ್ಯಾಕ್ ತಗೊಂಡಿದ್ದು!"

"ಹಾಗೆ ಹೇಳಿದ್ದಕ್ಕೆ ನಮ್ಮ ಹತ್ತಿರ ದಾಖಲೆ ಇಲ್ಲ ಮೇಡಂ."

ದಾಖಲೆ ಇಲ್ಲ! ಕರೆ ರೆಕಾರ್ಡ್ ಆಗುತ್ತದೆ ಅಂತ ಪ್ರತಿ ಸಲ ಮೊದಲೇ ಹೇಳುವವರು ಅವರೇ. ಆ ರೆಕಾರ್ಡ್ ಕೊಡಿ ಅಂದೆ. ಅದು ಒಳಗಿನ ಬಳಕೆಗೆ ಮಾತ್ರವಂತೆ. ಮೇಲಿನವರಿಗೆ ಕೊಡಿ ಅಂದೆ. ಅವರೂ ಅದನ್ನೇ ಹೇಳಿದರು. ನಿಯಮಗಳಲ್ಲಿ ಇದೆ ಮೇಡಂ, ನಿಯಮಗಳಲ್ಲಿ ಇದೆ ಮೇಡಂ. ನಾನು ದಬಾಯಿಸಿ ದುಡ್ಡು ಬಿಡಿಸಿಕೊಳ್ಳಲು ಬಂದವಳ ಹಾಗೆ ಮಾತಾಡಿಸಿದರು. ನಾಲ್ಕನೇ ಸಲ ಫೋನ್ ಮಾಡಿದಾಗ ಒಂದು ಚೂರು ಕಡಿಮೆ ಮಾಡುತ್ತೇವೆ ಅಂದರು, ಅದೂ ಉಪಕಾರ ಮಾಡುವವರ ಹಾಗೆ.

ಅವತ್ತೇ ಹಡಗಿನ ವೈ-ಫೈ ತಗೊಂಡೆ. ಅಲ್ಲೂ ಒಂದು ಏಟು. "ಅನ್‌ಲಿಮಿಟೆಡ್" ಅಂತ ಬರೆದಿತ್ತು, ತಗೊಂಡ ಮೇಲೆ ಗೊತ್ತಾಯಿತು, ಒಂದು ಸಲಕ್ಕೆ ಒಂದೇ ಫೋನು. ಅಪ್ಪ ಲಾಗಿನ್ ಆದರೆ ನನ್ನದು ಕಟ್. ಹಡಗು ಹತ್ತುವ ಮೊದಲೇ ಬುಕ್ ಮಾಡಿದ್ದರೆ ಕಡಿಮೆಗೆ ಸಿಗುತ್ತಿತ್ತು ಅಂತ ಪಕ್ಕದ ಕ್ಯಾಬಿನ್‌ನವರು ಹೇಳಿದರು. ಆದರೆ ವೈ-ಫೈ ಚೆನ್ನಾಗಿತ್ತು, ಅದನ್ನು ಹೇಳಬೇಕು. ಮೊದಲೆಲ್ಲ ಹೆಚ್ಚಿನ ಹಡಗುಗಳಿಗೆ ಸುಮಾರು 36 ಸಾವಿರ ಕಿ.ಮೀ. ಎತ್ತರದ ಉಪಗ್ರಹಗಳೇ ಗತಿ, ಮಾತಾಡಿದ್ದು ಹೋಗಿ ಉತ್ತರ ಬರಲು ಅರ್ಧ ಸೆಕೆಂಡ್ ಬೇಕಿತ್ತು. 2022ರಿಂದೀಚೆಗೆ ಹಲವು ಹಡಗುಗಳಿಗೆ ಸುಮಾರು 500 ಕಿ.ಮೀ. ಎತ್ತರದಲ್ಲಿರುವ ಸ್ಟಾರ್‌ಲಿಂಕ್ ಉಪಗ್ರಹಗಳ ಇಂಟರ್ನೆಟ್ ಬಂದಿದೆ. ವಿಡಿಯೋ ಕಾಲ್ ಆರಾಮಾಗಿ ಆಗುತ್ತದೆ. ಅದಕ್ಕೇ ಹೊಟ್ಟೆ ಉರಿಯುವುದು. ಉಳಿದ ಅಷ್ಟೂ ದಿನದ ವೈ-ಫೈಗೆ ಕೊಟ್ಟ ದುಡ್ಡು ಅಪ್ಪನ ಒಂದು ವಿಡಿಯೋ ಕಾಲ್‌ಗೆ ಬಿದ್ದ ಚಾರ್ಜ್‌ಗಿಂತ ಕಡಿಮೆ!

ನಿಮಗೆ ಹೇಳುವುದಿಷ್ಟು. ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈ-ಫೈ ಮಾತ್ರ ಆನ್ ಮಾಡಿ. ಹಡಗಿನಿಂದ ಇಳಿದ ಮೇಲೆ ಮೊಬೈಲ್ ನೆಟ್‌ವರ್ಕ್ ಆನ್, ಹತ್ತುವ ಮುಂಚೆ ಮತ್ತೆ ಆಫ್. ಡೇಟಾ ರೋಮಿಂಗನ್ನೂ ಬೇರೆಯಾಗಿ ಆಫ್ ಮಾಡಿ, ದೊಡ್ಡವರು ಗೊತ್ತಿಲ್ಲದೆ ಏರೋಪ್ಲೇನ್ ಗುರುತು ಒತ್ತಿಬಿಡುತ್ತಾರೆ. ಏರೋಪ್ಲೇನ್ ಮೋಡ್‌ನಲ್ಲಿ ಎಸ್‌ಎಂಎಸ್‌ನ ಒಟಿಪಿ ಸಾಮಾನ್ಯವಾಗಿ ಬರುವುದಿಲ್ಲ, ಬ್ಯಾಂಕ್ ಕೆಲಸ ದಡದಲ್ಲೇ ಮುಗಿಸಿ. ಒಟಿಪಿಗೆ ಅಂತ ಒಂದು ನಿಮಿಷ ಆನ್ ಮಾಡುತ್ತೇನೆ ಅನ್ನಬೇಡಿ, ಆ ಒಂದು ನಿಮಿಷದಲ್ಲಿ ಬ್ಯಾಕಪ್, ಅಪ್‌ಡೇಟ್ ಎಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಪ್ಯಾಕ್ ತಗೊಳ್ಳುವಾಗ "ಹಡಗಿನ ಟವರ್ ಇದರಲ್ಲಿ ಸೇರಿದೆಯಾ?" ಅಂತ ಇದೇ ಮಾತಿನಲ್ಲಿ ಕೇಳಿ. ಉತ್ತರವನ್ನು ಬರಹದಲ್ಲಿ ತಗೊಳ್ಳಿ. ಫೋನಿನಲ್ಲಿ ಹೇಳಿದ ಮಾತಿಗೆ ಬೆಲೆಯೇ ಇಲ್ಲ.

ಉಳಿದ ನಾಲ್ಕು ದಿನ ಅಪ್ಪ ಫೋನ್ ಮುಟ್ಟಲಿಲ್ಲ. ವೈ-ಫೈ ಇದೆ, ಇದಕ್ಕೆ ಬೇರೆ ದುಡ್ಡಿಲ್ಲ ಅಂತ ಎಷ್ಟು ಹೇಳಿದರೂ, "ಬೇಡ ಬಿಡಮ್ಮ, ಮನೆಗೆ ಹೋದ ಮೇಲೆ ಮಾತಾಡ್ತೀನಿ" ಅಂದರು. ಸೂರ್ಯ ಮುಳುಗುವ ಹೊತ್ತಿಗೆ ಡೆಕ್‌ಗೂ ಬರಲಿಲ್ಲ. ಆ ನಾಲ್ಕು ಸಂಜೆಗಳನ್ನು ಯಾವ ಕಂಪನಿ ವಾಪಸ್ ಕೊಡುತ್ತದೆ?

ಬರಹದಲ್ಲಿ ದೂರು ಕೊಟ್ಟಿದ್ದೇನೆ. ಪರಿಶೀಲಿಸುತ್ತೇವೆ ಅಂತ ಒಂದು ಸಾಲು ಬಂದಿದೆ, ಅಷ್ಟೇ. ಇಂಥ ಬಿಲ್ಲು ಯಾರಿಗಾದರೂ ಪೂರ್ತಿ ಮನ್ನಾ ಆಗಿದ್ದರೆ ಯಾರಿಗೆ ಬರೆದಿರಿ, ಏನಂತ ಬರೆದಿರಿ ಅಂತ ದಯವಿಟ್ಟು ತಿಳಿಸಿ.