ಘಾಟಿ, ಮಳೆ, ಉಪ್ಪಿನಕಾಯಿ: 1.3 ಡೀಸೆಲ್ ಎಂಜಿನ್ ಜೊತೆ 2,14,000 ಕಿಲೋಮೀಟರ್

ರಿಪ್ಪನ್‌ಪೇಟೆ ಹತ್ತಿರ ನಮ್ಮ ಮನೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ವಾರಕ್ಕೆ ಒಂದು ಸಲ ಆಯನೂರು ಮೇಲೆ ಶಿವಮೊಗ್ಗ. ಹದಿನೈದು ದಿನಕ್ಕೊಮ್ಮೆ ಹುಂಚ, ಕೋಣಂದೂರು, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು ಮಣಿಪಾಲ. ಹೋಗುವಾಗ ಡಿಕ್ಕಿ ತುಂಬ ಬಾಟಲಿ. ಬರುವಾಗ ಕಲ್ಲುಪ್ಪಿನ ಮೂಟೆ, ತೆಂಗಿನಕಾಯಿ. ಅಂದರೆ ಘಾಟಿ ಹತ್ತುವಾಗಲೂ ಭಾರ ಕಮ್ಮಿ ಇರುವುದಿಲ್ಲ.

ಇಷ್ಟು ವರ್ಷ ಈ ಭಾರ ಎಳೆದದ್ದು ಒಂದು ಪುಟ್ಟ ಡೀಸೆಲ್ ಎಂಜಿನ್. 1248 ಸಿಸಿ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, ಎಂಜಿನ್ನಿಗೆ ಗಾಳಿ ಊದುವ ಒಂದು ಟರ್ಬೊ. ಫಿಯಟ್‌ನ 1.3 ಮಲ್ಟಿಜೆಟ್. ನನ್ನ ಕಾರಿನ ಹಿಂದೆ ಯಾವ ಕಂಪನಿಯ ಹೆಸರಿದೆ ಎನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ. ಮಾರುತಿಯವರು ಇದನ್ನೇ ಡಿಡಿಐಎಸ್ ಎಂದು ಕರೆದರು, ಟಾಟಾದವರು ಕ್ವಾಡ್ರಾಜೆಟ್ ಎಂದರು. ಸ್ವಿಫ್ಟ್, ಡಿಜೈರ್, ರಿಟ್ಜ್, ಪುಂಟೊ, ಲಿನಿಯಾ, ವಿಸ್ತಾ, ಮಾಂಜಾ, ಇವುಗಳ ಡೀಸೆಲ್ ಮಾಡೆಲ್ ಹೊಟ್ಟೆಯಲ್ಲಿ ಇದೇ ಇತ್ತು. ನಮ್ಮ ಕಡೆ ಹಳೇ ಕಾರು ಕೊಳ್ಳುವವರಿಗೆ ಈಗಲೂ ಜಾಸ್ತಿ ಸಿಗುವುದು ಇದೇ ಎಂಜಿನ್. ಹಾಗಾಗಿ ನನ್ನ ಅನುಭವ ಬರೆದಿಡುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಇದು ಒಳ್ಳೆಯ ಎಂಜಿನ್. ವಯಸ್ಸಿನಿಂದ ಕೆಡುವುದು ಕಮ್ಮಿ, ಆಯಿಲ್‌ನಿಂದ ಕೆಡುವುದು ಜಾಸ್ತಿ. ಕಿಲೋಮೀಟರ್ ಎಷ್ಟು ಓಡಿದೆ ಎಂದು ಕೇಳುವ ಮೊದಲು ಆಯಿಲ್ ಯಾವಾಗ ಬದಲಾಯಿಸಿದ್ದು, ಯಾವ ಆಯಿಲ್ ಹಾಕಿದ್ದು ಎಂದು ಕೇಳಿ.

ಇದು 2003ರಲ್ಲಿ ಬಂದದ್ದು. ಫಿಯಟ್ ಮತ್ತು ಜನರಲ್ ಮೋಟರ್ಸ್ ಜೊತೆಯಾಗಿದ್ದ ಕಾಲದ ಕೂಸು, ಪೋಲೆಂಡಿನ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 2005ರಲ್ಲಿ ತನ್ನ ಗಾತ್ರದ ವಿಭಾಗದಲ್ಲಿ ಇಂಟರ್‌ನ್ಯಾಷನಲ್ ಎಂಜಿನ್ ಆಫ್ ದಿ ಇಯರ್ ಪ್ರಶಸ್ತಿ ಪಡೆಯಿತು. ನಮ್ಮಲ್ಲಿ 2007ರಿಂದ ಸ್ವಿಫ್ಟ್ ಡೀಸೆಲ್ ಮೂಲಕ ಮನೆಮಾತಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದಾಗ ಇಲ್ಲಿ ಇದರ ಕಾಲ ಮುಗಿಯಿತು. ಮಾಮೂಲಿ ಟರ್ಬೊ ಇರುವುದಕ್ಕೆ 75 ಪಿಎಸ್ ಶಕ್ತಿ, ಎಳೆಯುವ ಬಲ ಸುಮಾರು 190 ಎನ್‌ಎಂ ಟಾರ್ಕ್. ವಿಜಿಟಿ ಎನ್ನುವ ದುಬಾರಿ ಟರ್ಬೊ ಇರುವುದಕ್ಕೆ ಸುಮಾರು 90 ಪಿಎಸ್, 200 ಎನ್‌ಎಂ. ನನ್ನದು 75ರದ್ದು, 2012ರ ಮಾಡೆಲ್. 2016ರಲ್ಲಿ 61,000 ಕಿಲೋಮೀಟರ್ ಓಡಿದ್ದಾಗ ಕೊಂಡೆ.

ಆ 190 ಎನ್‌ಎಂ ಸಿಗುವುದು 2000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ. ಅದಕ್ಕಿಂತ ಕೆಳಗೆ ಎಂಜಿನ್ ಬೇರೆಯದೇ. ಇದನ್ನು ನನಗೆ ಕಲಿಸಿದ್ದು ಆಗುಂಬೆ. ಹದಿನಾಲ್ಕು ಹೇರ್‌ಪಿನ್ ತಿರುವು. ಮೊದಲ ಸಲ ಉಪ್ಪಿನ ಮೂಟೆ ಹೊತ್ತು ಸೋಮೇಶ್ವರದಿಂದ ಹತ್ತುವಾಗ ತಿರುವಿಗೆ ಎರಡನೇ ಗೇರಿನಲ್ಲೇ ಹೋದೆ. ಸೂಜಿ 1500ಕ್ಕೆ ಇಳಿಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಕಾರು ಏಳಲಿಲ್ಲ. ಮೇಲಿಂದ ಬಸ್ಸು ಬರುತ್ತಿತ್ತು, ಪಕ್ಕದಲ್ಲಿ ಚರಂಡಿ ತುಂಬಿ ಹರಿಯುತ್ತಿತ್ತು. ಕೈ ನಡುಗಿತ್ತು.

ಟರ್ಬೊ ತಿರುಗಲು ಎಂಜಿನ್ನಿನ ಹೊಗೆಯೇ ಬೇಕು. ನಿಧಾನ ಓಡುವ ಪುಟ್ಟ ಎಂಜಿನ್ನಿನ ಹೊಗೆಗೆ ಅದನ್ನು ತಿರುಗಿಸುವ ತ್ರಾಣ ಇಲ್ಲ. ಟರ್ಬೊ ಗಾಳಿ ಊದದಿದ್ದರೆ 1248 ಸಿಸಿಗೆ ಅಷ್ಟು ಭಾರ ಎಳೆಯುವ ಶಕ್ತಿ ಎಲ್ಲಿಂದ ಬರಬೇಕು? ಈಗ ತಿರುವಿಗೆ ಮೊದಲೇ ಒಂದನೇ ಗೇರಿಗೆ ಬರುತ್ತೇನೆ. ತಿರುವಿನ ಒಳಗೆ ಗೇರ್ ಹುಡುಕುವುದಿಲ್ಲ. ಸೂಜಿ 2000 ದಾಟಿದರೆ ಸಾಕು, ಹಿಂದಿನಿಂದ ಯಾರೋ ನೂಕಿದ ಹಾಗೆ ಕಾರು ಹೊರಡುತ್ತದೆ. ಇದು ರಿಪೇರಿ ಮಾಡುವ ದೋಷ ಅಲ್ಲ, ಎಂಜಿನ್ನಿನ ಸ್ವಭಾವ. ಆದರೆ ಘಾಟಿಯಲ್ಲಿ ಹೊಸದಾಗಿ ಓಡಿಸುವವರು ಇದನ್ನು ತಿಳಿದೇ ಹೊರಡಬೇಕು. ಒಂದನೇ ಗೇರಿನಲ್ಲಿ ತುಂಬಾ ಕ್ಲಚ್ ಹಿಡಿದದ್ದಕ್ಕೆ ನನ್ನ ಕ್ಲಚ್ ಪ್ಲೇಟ್ 1,30,000 ಕಿಲೋಮೀಟರಿಗೆ ಹೋಯಿತು.

ಇನ್ನು ಟೈಮಿಂಗ್ ಚೈನ್, ಅಂದರೆ ಪಿಸ್ಟನ್ ಮತ್ತು ವಾಲ್ವ್ ಒಂದೇ ತಾಳಕ್ಕೆ ಓಡುವ ಹಾಗೆ ಮಾಡುವ ಸರಪಳಿ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಬೇರೆ ಕೆಲವು ಡೀಸೆಲ್‌ಗಳಲ್ಲಿ ರಬ್ಬರ್ ಬೆಲ್ಟ್ ಇರುತ್ತದೆ, ಇಷ್ಟು ಕಿಲೋಮೀಟರಿಗೆ ಬದಲಾಯಿಸಿ ಎಂದು ಲೆಕ್ಕ ಇರುತ್ತದೆ. ಇದರಲ್ಲಿ ಕಬ್ಬಿಣದ ಸರಪಳಿ. ಅದಕ್ಕೇ ಎಲ್ಲರೂ "ಚೈನ್ ಅಲ್ವಾ, ಏನೂ ಆಗಲ್ಲ" ಎನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ. ಆದರೆ ಆ ಸರಪಳಿಯನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ಸರಪಳಿಯ ಕೊಂಡಿಗಳು ಸವೆಯದೆ ಉಳಿಯುವುದೂ ಆಯಿಲ್‌ನಿಂದ. ಡೀಸೆಲ್ ಎಂಜಿನ್ನಿನಲ್ಲಿ ಮಸಿ ಆಯಿಲ್‌ಗೆ ಸೇರುತ್ತಲೇ ಇರುತ್ತದೆ. ಹಿಡಿಸುವುದು ಸುಮಾರು ಮೂರು ಲೀಟರ್ ಮಾತ್ರ. ಅಷ್ಟು ಸ್ವಲ್ಪ ಆಯಿಲ್ ಬೇಗ ಕಪ್ಪಾಗುತ್ತದೆ, ಬೇಗ ಸೋಲುತ್ತದೆ.

2019ರಲ್ಲಿ ಮಿಡಿ ಸೀಸನ್ ಜೋರಿತ್ತು. ಆಯಿಲ್ ಬದಲಾಯಿಸುವುದನ್ನು ಮುಂದೆ ಹಾಕುತ್ತಾ ಹೋದೆ. 10,000ಕ್ಕೆ ಮಾಡಬೇಕಾದದ್ದು 17,000 ದಾಟಿತು. ಅದಕ್ಕೂ ಹಿಂದಿನ ಸಲ ದಾರಿಬದಿಯ ಒಂದು ಗ್ಯಾರೇಜಿನಲ್ಲಿ ಡ್ರಮ್ಮಿನ ಬಿಡಿ ಆಯಿಲ್ ಹಾಕಿಸಿದ್ದೆ. ಯಾವ ಗ್ರೇಡ್ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಜೂನ್ ತಿಂಗಳ ಮಳೆಯ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಜಣಜಣ ಸದ್ದು ಬಂತು. ಕೊಟ್ಟಿಗೆಯಲ್ಲಿ ದನ ಸರಪಳಿ ಎಳೆದ ಹಾಗೆ. ಮೂರು ಸೆಕೆಂಡು, ಆಮೇಲೆ ನಿಂತಿತು. ಚಳಿಗೆ ಇರಬೇಕು ಎಂದುಕೊಂಡೆ. ಎರಡು ವಾರದಲ್ಲಿ ಮೂರು ಸೆಕೆಂಡು ಹತ್ತಾಯಿತು.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕರು. ಉದ್ದದ ಸ್ಕ್ರೂಡ್ರೈವರ್ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಕೇಳಿದರು. "ಅಮ್ಮಾ, ಇದನ್ನು ಇನ್ನು ಮನೆಗೆ ಓಡಿಸಿಕೊಂಡು ಹೋಗಬೇಡಿ" ಎಂದರು. ಆಯಿಲ್ ಸಂಪ್ ಬಿಚ್ಚಿದಾಗ ತಳದಲ್ಲಿ ಇದ್ದದ್ದನ್ನು ಆಯಿಲ್ ಎನ್ನುವ ಹಾಗಿರಲಿಲ್ಲ, ತಳಹಿಡಿದ ಬೆಲ್ಲದ ಪಾಕದ ಹಾಗಿತ್ತು. ಹಳೆಯ ಚೈನನ್ನು ಹೊಸದರ ಪಕ್ಕ ನೇತುಹಾಕಿ ತೋರಿಸಿದರು. ಕಣ್ಣಿಗೆ ಕಾಣುವಷ್ಟು ಉದ್ದ ಆಗಿತ್ತು. ಇದು ಹಲ್ಲು ಜಾರಿದರೆ ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ಗುದ್ದುತ್ತವೆ. ಎಷ್ಟೋ ಸಲ ಮೊದಲು ಮುರಿಯುವುದು ವಾಲ್ವ್ ಒತ್ತುವ ಮೇಲಿನ ರಾಕರ್ ಆರ್ಮ್. ಅಷ್ಟಕ್ಕೇ ನಿಂತರೆ ಅದೃಷ್ಟ. ನನ್ನದು ಜಾರುವ ಮೊದಲೇ ಸಿಕ್ಕಿಬಿತ್ತು. ಚೈನ್, ಟೆನ್ಷನರ್, ಗೈಡ್, ಕೂಲಿ ಎಲ್ಲ ಸೇರಿ 19,000 ರೂಪಾಯಿ. ಆ ವರ್ಷದ ಮಿಡಿ ಲಾಭದಲ್ಲಿ ಅದು ಸಣ್ಣ ಮೊತ್ತವಲ್ಲ. ತಪ್ಪು ನನ್ನದೇ.

ಅಂದಿನಿಂದ 7,500 ಕಿಲೋಮೀಟರಿಗೆ ಆಯಿಲ್ ಬದಲಾಯಿಸುತ್ತೇನೆ. ಕೈಪಿಡಿಯಲ್ಲಿ ಹೇಳಿದ ಗ್ರೇಡನ್ನೇ ಹಾಕಿಸುತ್ತೇನೆ, ನನ್ನದಕ್ಕೆ 5ಡಬ್ಲ್ಯೂ-30. ಸೀಲ್ ಇರುವ ಡಬ್ಬಿ ನಾನೇ ಕೊಂಡೊಯ್ದು, ನನ್ನ ಕಣ್ಣೆದುರೇ ಒಡೆಸುತ್ತೇನೆ. ಆ ಸದ್ದು ಮತ್ತೆ ಬಂದಿಲ್ಲ. ಟರ್ಬೊ ಕೂಡ ಇನ್ನೂ ಕಂಪನಿಯದ್ದೇ. ಅದರ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಜಾಸ್ತಿ ತಿರುಗುತ್ತದೆ, ಆಯಿಲ್‌ನ ತೆಳು ಪದರದ ಮೇಲೆಯೇ. ಘಾಟಿ ಹತ್ತಿ ಆಗುಂಬೆ ಊರಲ್ಲಿ ಚಹಾಕ್ಕೆ ನಿಲ್ಲಿಸಿದರೆ ತಕ್ಷಣ ಆಫ್ ಮಾಡುವುದಿಲ್ಲ. ಒಂದು ನಿಮಿಷ ಸುಮ್ನೆ ಐಡಲ್‌ನಲ್ಲಿ ಬಿಡುತ್ತೇನೆ. ಬಿಸಿ ಟರ್ಬೊಗೆ ಆಯಿಲ್ ಹರಿದು ತಣಿಯಲಿ ಎಂದು.

ಎರಡನೇ ದೊಡ್ಡ ಖರ್ಚು ಡೀಸೆಲ್ ಒಳಗಿನ ನೀರಿನಿಂದ ಬಂತು. 2021ರ ಮಳೆಗಾಲ. ಒಂದು ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಹೊರಟೆ. ಹುಂಚ ದಾಟುವಷ್ಟರಲ್ಲಿ ಎಂಜಿನ್ ಎಗರತೊಡಗಿತು, ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿತ್ತು. ಫಿಲ್ಟರಿನಿಂದ ಬಾಟಲಿಗೆ ಬಸಿದು ನೋಡಿದರೆ ತಳದಲ್ಲಿ ಎರಡು ಬೆರಳು ನೀರು. ಈ ಎಂಜಿನ್ನಿನ ಎಲ್ಲ ಸಿಲಿಂಡರಿಗೂ ಡೀಸೆಲ್ ಹಂಚುವ ಕೊಳವೆಯಾದ ಕಾಮನ್ ರೈಲ್‌ನಲ್ಲಿ ಡೀಸೆಲ್ ಒತ್ತಡ 1,400ರಿಂದ 1,600 ಬಾರ್ ತನಕ ಹೋಗುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ, ಹೋಲಿಸಿ ನೋಡಿ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಅದನ್ನು ಒಂದು ಸಲದ ಉರಿಗೆ ಒಂದೇ ಸಲ ಸುರಿಯದೆ ಹಲವು ಸಣ್ಣ ಚಿಮುಕಗಳಾಗಿ ಬಿಡುತ್ತದೆ. ಮಲ್ಟಿಜೆಟ್ ಎಂಬ ಹೆಸರು ಬಂದದ್ದೇ ಅದರಿಂದ. ಹಳೆಯ ಡೀಸೆಲ್‌ಗಳ ಹಾಗೆ ಇದು ಗಡಗಡ ಎನ್ನದಿರಲು ಕಾರಣವೂ ಅದೇ. ಅಷ್ಟು ಸೂಕ್ಷ್ಮ ಇಂಜೆಕ್ಟರಿಗೆ ಸವೆಯದಂತೆ ಕಾಯುವ ಎಣ್ಣೆಯೂ ಡೀಸೆಲ್ಲೇ. ನೀರು ಹೋದರೆ ಸವೆಯುತ್ತದೆ, ತುಕ್ಕು ಹಿಡಿಯುತ್ತದೆ. ನನ್ನದು ಒಂದು ಇಂಜೆಕ್ಟರ್ ಹೋಯಿತು.

ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ನೀರು ಬಸಿಯುತ್ತೇನೆ. ಬಂಕಿನಲ್ಲಿ ಟ್ಯಾಂಕರ್ ಇಳಿಸುತ್ತಿದ್ದರೆ ಮುಂದಿನ ಬಂಕಿಗೆ ಹೋಗುತ್ತೇನೆ. ಮಲೆನಾಡಿನ ಥಂಡಿಯಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೂ ಬೆವರು ಕೂರುತ್ತದೆ, ಹಾಗಾಗಿ ಆದಷ್ಟು ತುಂಬಿಯೇ ಇಡುತ್ತೇನೆ.

ಉಳಿದದ್ದೆಲ್ಲ ಸಣ್ಣಪುಟ್ಟ. ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟುತ್ತದೆ, ಎಳೆತ ಕಮ್ಮಿಯಾಗಿ ಕಪ್ಪು ಹೊಗೆ ಬರುತ್ತದೆ. ಬಿಚ್ಚಿ ತೊಳೆದರೆ ಸರಿ. ಟರ್ಬೊದ ರಬ್ಬರ್ ಹೋಸ್ ಸೀಳಿದರೂ ಹೆಚ್ಚುಕಡಿಮೆ ಇದೇ ಲಕ್ಷಣ, ಜೊತೆಗೆ ಸುಯ್ ಎನ್ನುವ ಸದ್ದು. ದೊಡ್ಡ ರಿಪೇರಿ ಹೇಳುವವರಿದ್ದರೆ ಮೊದಲು ಆ ಹೋಸ್ ನೋಡಲು ಹೇಳಿ. ಮತ್ತೆ ಇಲಿ. ಅಡಿಕೆ ಸಿಪ್ಪೆ ತಂದು ಎಂಜಿನ್ ಕವರಿನ ಅಡಿ ಗೂಡು ಕಟ್ಟಿ, ಸೆನ್ಸರ್ ವೈರ್ ಕಡಿದಿತ್ತು. ಅದು ಎಂಜಿನ್ನಿನ ತಪ್ಪಲ್ಲ, ಆದರೆ ನಮ್ಮ ಕಡೆ ಚೆಕ್ ಎಂಜಿನ್ ಲೈಟ್ ಬಂದರೆ ಬಾನೆಟ್ ಎತ್ತಿ ವೈರ್ ನೋಡಿಯೇ ಮುಂದಿನ ಮಾತು.

ಮೈಲೇಜ್ ಭಾರ ಹೊತ್ತು, ಘಾಟಿ ಸೇರಿ 19ರಿಂದ 20. ಶಿವಮೊಗ್ಗ ದಾರಿಯಲ್ಲಿ ಮಾತ್ರ ಆದರೆ 22. ಬಿಡಿಭಾಗ ಎಲ್ಲೂ ಸಿಗಲಿಲ್ಲ ಎಂದಾಗಿಲ್ಲ. ಇಷ್ಟು ಕಾರುಗಳಿಗೆ ಒಂದೇ ಎಂಜಿನ್ ಹಾಕಿದ್ದರಿಂದ ಆದ ಅನುಕೂಲ ಅದು.

ದಿನಕ್ಕೆ ನಾಲ್ಕು ಕಿಲೋಮೀಟರ್ ಪೇಟೆಯೊಳಗೇ ಓಡಿಸುವವರು ಇದನ್ನು ಕೊಳ್ಳಬೇಡಿ. ಎಂಜಿನ್ ಬಿಸಿಯಾಗುವ ಮೊದಲೇ ಆಫ್ ಆದರೆ ಮಸಿ ಕಟ್ಟುವುದೇ ಜಾಸ್ತಿ. ಅವರಿಗೆ ಪೆಟ್ರೋಲ್ ಒಳ್ಳೆಯದು. ಮತ್ತೆ ವರ್ಷದ ಲೆಕ್ಕ ಹಾಕಿ. ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ನನ್ನದಕ್ಕೆ 2027ರಲ್ಲಿ ಎಫ್‌ಸಿ ಮಾಡಿಸಿ ನವೀಕರಿಸಬೇಕು. ನಾನು ಮಾಡಿಸುತ್ತೇನೆ.

ಕಳೆದ ತಿಂಗಳು ನಮ್ಮ ಚಿಕ್ಕಮ್ಮನ ಮಗ ಇದೇ ಎಂಜಿನ್ನಿನ ಕಾರು ನೋಡಲು ಭದ್ರಾವತಿಗೆ ಹೊರಟ. ನಾನೂ ಜೊತೆಗೆ ಹೋದೆ. ಮಾರುವವರು ನಾವು ಬರುವ ಮೊದಲೇ ಕಾರು ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರು. ಬಾನೆಟ್ ಮುಟ್ಟಿ ನೋಡಿ, ನಾಳೆ ಬೆಳಿಗ್ಗೆ ಬರುತ್ತೇವೆ, ಮುಟ್ಟಬೇಡಿ ಎಂದೆ. ಮರುದಿನ ಆರೂವರೆಗೆ ಹೋಗಿ, ಕಿಟಕಿ ಇಳಿಸಿ, ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿಸಿದೆ. ಕಿವಿಗೊಟ್ಟು ಕೇಳಿದೆ. ಜಣಜಣ ಇರಲಿಲ್ಲ. ಆಯಿಲ್ ಮುಚ್ಚಳ ತೆಗೆದು ಒಳಗೆ ಕೆಸರು ಇಲ್ಲ ಎಂದು ನೋಡಿದೆ. ಏರಿನಲ್ಲಿ ಮೂರನೇ ಗೇರಿನಲ್ಲಿ ಓಡಿಸಿ ಹಿಂದೆ ಹೊಗೆ ನೋಡಿದೆವು. ಆಮೇಲೆ ಆಯಿಲ್ ಬಿಲ್ಲು ಕೇಳಿದೆ. ನಾಲ್ಕು ವರ್ಷದ್ದು ಒಂದು ಕವರಿನಲ್ಲಿ ಇಟ್ಟಿದ್ದರು, 1,12,000 ಕಿಲೋಮೀಟರ್ ತನಕ ಒಂದೂ ತಪ್ಪಿರಲಿಲ್ಲ. ತಮ್ಮನಿಗೆ ಚೌಕಾಸಿ ಜಾಸ್ತಿ ಬೇಡ, ತಗೊ ಎಂದೆ.